ಮೂರು ಹೋಟೆಲಿಗೆ ಒಂದೇ ಪತ್ರ

ಜುಲೈ 9, ಬುಧವಾರ

ಇವತ್ತು ನಮ್ಮ ಯಜಮಾನರ ತಂಗಿ ಉಚ್ಚಂಗಮ್ಮ ಭದ್ರಾವತಿಯ ಕಾಗದನಗರದಿಂದ ಬಸ್ಸು ಹತ್ತಿ ಬಂದಿದ್ದಳು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಅವಳು ಹಬ್ಬಕ್ಕೊಮ್ಮೆ ಬಿಟ್ಟರೆ ಶಿವಮೊಗ್ಗದ ಹೊಸಮನೆ ಬಡಾವಣೆಯ ಕಡೆ ತಲೆ ಹಾಕಿದವಳಲ್ಲ. ಬಂದವಳು ಕುರ್ಚಿಯ ತುದಿಯಲ್ಲಿ ಕುಳಿತು, ಕಾಫಿ ಲೋಟವನ್ನು ಆರುವ ತನಕ ತಿರುಗಿಸಿ, "ಅತ್ತಿಗೆ, ನಿಮ್ಮಿಂದ ಒಂದು ಇಂಗ್ಲಿಷ್ ಕೆಲ್ಸ ಆಗ್ಬೇಕಿತ್ತು" ಎಂದಳು.

ವಿಷಯ ಇಷ್ಟು. ಇವಳು ಐವತ್ತೊಂಬತ್ತನೇ ವಯಸ್ಸಿನಲ್ಲಿ ಗುಂಡು ಎಸೆಯುತ್ತಾಳೆ. ಶಾಲೆಯಲ್ಲಿ ಎಸೆಯುತ್ತಿದ್ದಳಂತೆ, ನಾಲ್ಕು ವರ್ಷದ ಹಿಂದೆ ಕಾಗದನಗರದ ಮೈದಾನದಲ್ಲಿ ಮತ್ತೆ ಶುರು ಮಾಡಿದಳು. ಅವಳ ಜೊತೆ ಅವಳಂಥವರೇ ಐದು ಜನ ಹೆಂಗಸರು. ಆಗ ನಾನು ನಕ್ಕಿದ್ದೆ. ಈಗ ನೋಡಿದರೆ ಸೆಪ್ಟೆಂಬರಿನಲ್ಲಿ ಜಪಾನಿನ ಯಾವುದೋ ಸಣ್ಣ ಊರಿನಲ್ಲಿ ನಡೆಯುವ ಏಷ್ಯಾದ ಹಿರಿಯರ ಕ್ರೀಡಾಕೂಟಕ್ಕೆ ಆರೂ ಜನ ಆಯ್ಕೆಯಾಗಿದ್ದಾರೆ. ವಿಮಾನದ ಟಿಕೆಟ್ಟನ್ನು ಯಾರೋ ದಾನಿಗಳು ಒಪ್ಪಿಕೊಂಡಿದ್ದಾರೆ. ಉಳಿದುಕೊಳ್ಳುವ ಜಾಗವನ್ನು ಮಾತ್ರ ತಾವೇ ಹುಡುಕಿಕೊಳ್ಳಬೇಕು. ಆಗಸ್ಟ್ ಹನ್ನೆರಡಕ್ಕೆ ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಡುವುದು, ಅದರ ಜೊತೆಗೆ ಹೋಟೆಲಿನವರ ಪತ್ರ ಇರಲೇಬೇಕು. ಪತ್ರ ಇಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಗುಂಡನ್ನು ಕಾಗದನಗರದಲ್ಲೇ ಎಸೆದುಕೊಂಡು ಇರಬೇಕು.

"ಕೂಟ ನಡೆಸೋರು ಹೋಟೆಲುಗಳ ಪಟ್ಟಿ ಕಳ್ಸಿದಾರೆ ಅತ್ತಿಗೆ. ಬರೀ ಇಮೇಲ್ ವಿಳಾಸ ಇದೆ. ನಮ್ಮಲ್ಲಿ ಯಾರಿಗೂ ಬರೆಯಕ್ಕೆ ಬರಲ್ಲ. ನೀವಾದ್ರೆ..."

ನನಗಾದರೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಪತ್ರವ್ಯವಹಾರ ನೋಡಿಕೊಂಡವಳು ನಾನು. ನಮ್ಮ ಸಾಹೇಬರುಗಳು ಜರ್ಮನಿ, ಇಟಲಿ, ಕೊರಿಯಾ ಎಂದು ಹೋದಾಗ ಅವರು ಮಲಗಿದ ಒಂದೊಂದು ಮಂಚವನ್ನೂ ಗೊತ್ತು ಮಾಡಿದ್ದು ಈ ಹಾಲಮ್ಮ. ಮೊದಲು ಟೆಲೆಕ್ಸ್, ಆಮೇಲೆ ಫ್ಯಾಕ್ಸ್, ಆಮೇಲೆ ಇಮೇಲ್. ನಾನು ಮಾತ್ರ ಮಂತ್ರಾಲಯದಿಂದಾಚೆಗೆ ಒಂದು ರೂಮಿನಲ್ಲೂ ಮಲಗಿಲ್ಲ, ಅದು ಬೇರೆ ಮಾತು.

ಮಗಳು ಕವನ ಬ್ಯಾಂಕಿನಿಂದ ಬಂದವಳೇ, "ಅಮ್ಮ, ಫೋನಲ್ಲಿ ಎರಡು ನಿಮಿಷದ ಕೆಲ್ಸ ಇದು" ಎಂದು ಫೋನು ತೆಗೆದಳು. ಹುಡುಕಿದಳು, ಹುಡುಕಿದಳು. ಆ ದಿನಗಳಿಗೆ ಆ ಊರಿನಲ್ಲಿ ಒಂದು ರೂಮೂ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ, ಅಷ್ಟೆ.

ಜುಲೈ 11, ಶುಕ್ರವಾರ

ಪಟ್ಟಿಯಲ್ಲಿ ಒಂಬತ್ತು ವಿಳಾಸಗಳಿದ್ದವು. ಮೂರನ್ನು ಆರಿಸಿಕೊಂಡೆ. ಯಾವ ಕೆಲಸಕ್ಕೂ ಮೂರು ಕೊಟೇಶನ್ ತರಿಸಬೇಕು, ಇದು ನಮ್ಮ ಖರೀದಿ ವಿಭಾಗದ ಗುರುಪ್ರಸಾದ್ ಸಾಹೇಬರು ನನಗೆ ಕಲಿಸಿದ ಮೊದಲ ಪಾಠ.

ಒಂದು, ಕ್ರೀಡಾಂಗಣದ ಪಕ್ಕದ ಹತ್ತು ಮಹಡಿಯ ಹೋಟೆಲು. ಇನ್ನೊಂದು, ರೈಲು ನಿಲ್ದಾಣದ ಎದುರಿನದು. ಮೂರನೆಯದು ಮನೆಯವರೇ ನಡೆಸುವ ಸಣ್ಣ ವಸತಿಗೃಹ, ಬರೀ ನಾಲ್ಕು ರೂಮು. ಲೆಕ್ಕಕ್ಕೆ ಮೂರಾಗಲಿ ಎಂದು ಅದನ್ನೂ ಸೇರಿಸಿದೆ.

ಪತ್ರ ಪದ್ಧತಿಯಂತೆ ಇದೆ. ವಿಷಯ, ಉಲ್ಲೇಖ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ. ಇಬ್ಬಿಬ್ಬರಿಗೆ ಒಂದರಂತೆ ಮೂರು ರೂಮು, ಪ್ರತಿಯೊಬ್ಬರಿಗೂ ಮಂಚ, ಶುದ್ಧ ಸಸ್ಯಾಹಾರ ಇಬ್ಬರಿಗೆ, ಮೊಟ್ಟೆ ತಿನ್ನುವವರು ಒಬ್ಬರು, ಉಳಿದ ಮೂವರಿಗೆ ಯಾವ ತಕರಾರೂ ಇಲ್ಲ. ಕೆಳಗೆ "ಕಾರ್ಯದರ್ಶಿಯವರ ಪರವಾಗಿ" ಎಂದು ಹಾಕಿದೆ.

"ಯಾವ ಕಾರ್ಯದರ್ಶಿ ಅಮ್ಮ? ಈ ಆರು ಜನದಲ್ಲಿ ಕಾರ್ಯದರ್ಶಿ ಯಾರು?" ಎಂದು ಕವನ ಕೇಳಿದಳು.

"ಪತ್ರಕ್ಕೆ ಒಂದು ಗತ್ತು ಇರ್ಬೇಕು ಮಾರಾಯ್ತಿ. ಹೆಂಗಸರು ಆರು ಜನ ಬರ್ತೀವಿ ಅಂದ್ರೆ ಯಾರು ಬೆಲೆ ಕೊಡ್ತಾರೆ?"

"ಉಲ್ಲೇಖ ಅಂತ ಹಾಕಿದೀಯಲ್ಲ, ಅದೇನು?"

"ಅವರ ಪಟ್ಟಿ." ಮಗಳು ನಗುತ್ತಾ ಒಳಗೆ ಹೋದಳು. ನಗಲಿ.

ಜುಲೈ 15, ಮಂಗಳವಾರ

ಮೂರಕ್ಕೂ ಉತ್ತರ ಬಂದಿದೆ. ಮೂರೂ ಕಡೆ ರೂಮು ಇದೆ, ಕ್ರೀಡಾಕೂಟಕ್ಕೆ ಬರುವವರಿಗೆಂದು ತೆಗೆದಿರಿಸಿದ್ದಾರೆ. ಕವನಳ ಫೋನು ಇದನ್ನು ಹೇಗೆ ತಾನೇ ತೋರಿಸೀತು?

ಹತ್ತು ಮಹಡಿಯವರದು ನಾಲ್ಕು ಸಾಲು. ನಿಲ್ದಾಣದ ಎದುರಿನವರದು ಎರಡು ಸಾಲು. ಆ ಮನೆಯವರದು ಮಾತ್ರ ಒಂದು ಪುಟ. ನಡೆಸುವಾಕೆಯ ಹೆಸರು ಫುಮಿಕೊ. ಮೂರು ರೂಮಿನ ಅಳತೆ, ಕಿಟಕಿಯಿಂದ ಏನು ಕಾಣುತ್ತದೆ, ಬಚ್ಚಲು ಎಲ್ಲಿದೆ ಎಲ್ಲವನ್ನೂ ಬರೆದಿದ್ದಾಳೆ. ಮಂಚ ಇಲ್ಲ, ಆದರೆ ಬಾಡಿಗೆಗೆ ತರಿಸಿ ಹಾಕುತ್ತಾಳಂತೆ. ಸಸ್ಯಾಹಾರವೆಂದರೆ ಮೀನಿನ ಸಾರೂ ಕೂಡದೇ ಎಂದು ಕೇಳಿದ್ದಾಳೆ. ಪಾಪ, ಗೊತ್ತಿಲ್ಲ ಅವಳಿಗೆ.

ಗುರುಪ್ರಸಾದ್ ಸಾಹೇಬರ ಎರಡನೇ ಪಾಠ ಹೀಗಿತ್ತು: "ಮೂವರಿಗೂ ನಿಮ್ದೇ ಆಯ್ಕೆಯಾಗಿದೆ ಅಂತ ಬರೀರಿ ಹಾಲಮ್ಮ. ಮೂವರೂ ಮಾಲು ತೆಗ್ದಿಟ್ಟಿರ್ತಾರೆ. ಆಮೇಲೆ ನಮ್ಗೆ ಬೇಕಾದವರ ಹತ್ರ ತಗೋಳೋದು. ಉಳಿದವರಿಗೆ ಏನೂ ಬರೆಯೋದು ಬೇಡ, ಸುಮ್ನಿದ್ರೆ ಅವರೇ ತಿಳ್ಕೋತಾರೆ." ಆ ಪದ್ಧತಿಯಿಂದ ಮೂವತ್ತೊಂದು ವರ್ಷದಲ್ಲಿ ನಮ್ಮ ಒಂದು ಕೆಲಸವೂ ನಿಂತಿರಲಿಲ್ಲ.

ಹಾಗಾಗಿ ಮೂವರಿಗೂ ಒಂದೇ ಪತ್ರ ಕಳಿಸಿದೆ. ತಮ್ಮ ಸಂಸ್ಥೆಯನ್ನು ಆಯ್ಕೆ ಮಾಡಿರುವುದನ್ನು ತಿಳಿಸಲು ಸಂತೋಷವಾಗುತ್ತದೆ, ಮೂರು ರೂಮುಗಳನ್ನು ಕಾದಿರಿಸುವುದು, ಅಂತಿಮ ಪತ್ರ ನಂತರ ಬರುತ್ತದೆ. ಹೆಸರಷ್ಟೇ ಬದಲು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಜುಲೈ 18, ಶುಕ್ರವಾರ

ಹತ್ತು ಮಹಡಿಯನ್ನೇ ಗಟ್ಟಿ ಮಾಡಿದೆ. ಕ್ರೀಡಾಂಗಣಕ್ಕೆ ಐದು ನಿಮಿಷದ ನಡಿಗೆ, ಲಿಫ್ಟ್ ಇದೆ, ಮಂಚ ಇದೆ. ಅಂತಿಮ ಪತ್ರ ಕಳಿಸಿ, ವೀಸಾಕ್ಕೆ ಮೊಹರು ಹಾಕಿದ ಪತ್ರ ಬೇಕೆಂದು ಕೇಳಿದೆ. "ಪ್ರಕ್ರಿಯೆ ಮುಗಿದ ಮೇಲೆ ಕಳಿಸುತ್ತೇವೆ, ವಂದನೆಗಳು" ಎಂದರು. ಅಲ್ಲಿಗೆ ಆಯಿತು.

ಉಚ್ಚಂಗಮ್ಮನಿಗೆ ಫೋನು ಮಾಡಿ ಹೇಳಿದೆ. "ಹತ್ತು ಮಹಡೀನಾ ಅತ್ತಿಗೆ? ನಮ್ದು ಎಷ್ಟನೇದು?" ಎಂದಳು. ದನಿಯಲ್ಲಿ ಹೆದರಿಕೆಯೋ ಹಿಗ್ಗೋ ತಿಳಿಯಲಿಲ್ಲ.

ಜುಲೈ 22, ಮಂಗಳವಾರ

ಫುಮಿಕೊ ಮತ್ತೆ ಬರೆದಿದ್ದಾಳೆ. ಪ್ರತಿ ವರ್ಷ ಅದೇ ವಾರ ಅವಳ ಮನೆಗೆ ನಿವೃತ್ತ ಶಿಕ್ಷಕರ ಒಂದು ಗುಂಪು ಬರುತ್ತದಂತೆ. ಈ ಸಲ ಭಾರತದಿಂದ ಅತಿಥಿಗಳು ಬರುತ್ತಿದ್ದಾರೆ, ಜಾಗವಿಲ್ಲ ಎಂದು ಅವರಿಗೆ ಹೇಳಿದ್ದಾಳಂತೆ. ಆರು ಜನರ ಹೆಸರು ಕಳಿಸಿದರೆ ಬಾಗಿಲಿನ ಮೇಲೆ ಬರೆದು ಹಾಕುತ್ತಾಳಂತೆ.

ಅಯ್ಯೋ ಎನ್ನಿಸಿತು. ಆದರೆ ಪದ್ಧತಿ ಪದ್ಧತಿಯೇ. ಸುಮ್ಮನಿದ್ದರೆ ತಿಳಿದುಕೊಳ್ಳುತ್ತಾಳೆ.

ಜುಲೈ 31, ಗುರುವಾರ

ತಿಳಿದುಕೊಂಡಿಲ್ಲ. ಇವತ್ತು ಮೂರನೇ ಪತ್ರ. ಅವಳು ಪಕ್ಕದ ದೊಡ್ಡ ಊರಿಗೆ ಹೋಗಿ ತೊಗರಿಬೇಳೆ ತಂದಿದ್ದಾಳೆ. ಒಂದು ಸಲ ಬೇಯಿಸಿಯೂ ನೋಡಿದಳಂತೆ, ಗಂಡನಿಗೆ ಹಿಡಿಸಿತಂತೆ. "ನಿಮ್ಮಿಂದ ಸುದ್ದಿ ಇಲ್ಲ, ಆರೋಗ್ಯವಾಗಿದ್ದೀರಾ?" ಎಂದು ಕೇಳಿದ್ದಾಳೆ.

ಈ ಜನಕ್ಕೆ ವ್ಯವಹಾರ ತಿಳಿಯುವುದಿಲ್ಲ. ಇನ್ನೂ ಒಂದೂವರೆ ತಿಂಗಳಿರುವಾಗ ಬೇಳೆಯನ್ನು ಇಷ್ಟು ಬೇಗ ತರುತ್ತಾರೆಯೇ?

ಹತ್ತು ಮಹಡಿಯವರ ಮೊಹರಿನ ಪತ್ರ ಇನ್ನೂ ಬಂದಿಲ್ಲ. ಅವರ ಕಡೆಯಿಂದ ಏನೋ ಜಾಹೀರಾತುಗಳು ಬರುತ್ತಲೇ ಇವೆ, ಅದನ್ನು ಒತ್ತಿ, ಇದನ್ನು ಒತ್ತಿ ಎಂದು. ಕಳಿಸಿದವರ ಹೆಸರಿನ ಜಾಗದಲ್ಲಿ "ಉತ್ತರಿಸಬೇಡಿ" ಎಂದು ಇರುತ್ತದೆ. ಹಾಗೆ ಹೆಸರಿಟ್ಟುಕೊಂಡವರಿಗೆ ನಾನೇಕೆ ಉತ್ತರಿಸಲಿ? ಎಲ್ಲವನ್ನೂ ಅಳಿಸಿ ಹಾಕುತ್ತಿದ್ದೇನೆ.

ಆಗಸ್ಟ್ 4, ಸೋಮವಾರ

ಅವು ಜಾಹೀರಾತುಗಳಲ್ಲ.

ಕಾರ್ಡಿನ ವಿವರ ತುಂಬಿ ಎಂದು ಐದು ಸಲ ಕೇಳಿದ್ದರಂತೆ. ತುಂಬಲಿಲ್ಲವೆಂದು ನಮ್ಮ ಮೂರೂ ರೂಮು ರದ್ದಾಗಿವೆ. ರೂಮು ಬೇರೆಯವರಿಗೆ ಹೋಗಿಯೂ ಆಯಿತು. ಕವನ ಓದಿ ಹೇಳುವವರೆಗೆ ನನಗೆ ನಂಬಿಕೆಯೇ ಬರಲಿಲ್ಲ.

"ಅಮ್ಮ, ನನ್ನನ್ನ ಒಂದು ಮಾತು ಕೇಳೋದಲ್ವಾ?"

ಅವಳು ಗದರಿದ್ದರೆ ಚೆನ್ನಾಗಿತ್ತು. ಮೆತ್ತಗೆ ಕೇಳಿದಳು. ಇನ್ನು ಎಂಟು ದಿನ ಇದೆ.

ಆಗಸ್ಟ್ 5, ಮಂಗಳವಾರ

ನಿಲ್ದಾಣದ ಎದುರಿನವರು: ನಿಮ್ಮ ಅಂತಿಮ ಪತ್ರ ಬರಲಿಲ್ಲ, ರೂಮು ಕೊಟ್ಟುಬಿಟ್ಟೆವು. ಪಟ್ಟಿಯ ಉಳಿದ ಆರು ವಿಳಾಸಕ್ಕೂ ಬರೆದೆ. ನಾಲ್ಕು ಕಡೆ ಭರ್ತಿ. ಇನ್ನೆರಡರ ಉತ್ತರವಿಲ್ಲ.

ಫುಮಿಕೊಗೆ ಮಾತ್ರ ಬರೆದಿಲ್ಲ. ಏನೆಂದು ಬರೆಯಲಿ? ಎರಡು ಪತ್ರಕ್ಕೆ ಉತ್ತರ ಕೊಡದವಳು ಈಗ ಯಾವ ಮುಖ ಹೊತ್ತು ಹೋಗಲಿ? ಕಾರ್ಯದರ್ಶಿಗಳು ಕಾಯಿಲೆ ಬಿದ್ದಿದ್ದರು ಎಂದು ಒಂದು ಕರಡು ಮಾಡಿದೆ. ಚೆನ್ನಾಗಿಯೇ ಇದೆ. ಇಂಥವನ್ನು ನಾನು ನೂರಾರು ಬರೆದಿದ್ದೇನೆ. ಆದರೂ ಕಳಿಸಲಿಲ್ಲ. ಮೊದಲು ಉಚ್ಚಂಗಮ್ಮನಿಗೆ ಹೇಳಬೇಕು, ಫೋನಿನಲ್ಲಿ ಬೇಡ.

ಆಗಸ್ಟ್ 6, ಬುಧವಾರ

ಬೆಳಿಗ್ಗೆ ಎಂಟರ ಬಸ್ಸಿಗೆ ಭದ್ರಾವತಿಗೆ ಹೋದೆ. ಅಲ್ಲಿಂದ ಆಟೋದಲ್ಲಿ ಕಾಗದನಗರ. ಅವಳ ಕ್ವಾರ್ಟರ್ಸಿಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ತಮಿಳು ಬೆರೆಸಿದ ಕನ್ನಡದಲ್ಲಿ ಮೈದಾನದ ದಾರಿ ತೋರಿಸಿದಳು.

ಸೀರೆಯ ಸೊಂಟಕ್ಕೆ ಟವೆಲ್ಲು ಬಿಗಿದು, ಕಾಲಿಗೆ ಬೂಟು ಹಾಕಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಗುಂಡನ್ನು ಕತ್ತಿಗೆ ಒತ್ತಿಕೊಂಡು, ಬಗ್ಗಿ, ಒಂದು ಸಲ ಮೈ ತಿರುಗಿಸಿ ಎಸೆದಳು. ಮೂರು ಕೆಜಿ ತೂಕದ್ದು, ದಪ್ಪೆಂದು ದೂರ ಬಿತ್ತು. ನಾನು ಅವಳು ಎಸೆಯುವುದನ್ನು ನೋಡಿದ್ದು ಇದೇ ಮೊದಲು. ಇಷ್ಟು ಚಂದ ಎಸೆಯುತ್ತಾಳೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಲ್ಲುಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಮೂರು ಕೊಟೇಶನ್, ಮೂವರಿಗೂ ಒಂದೇ ಪತ್ರ, ಅಳಿಸಿ ಹಾಕಿದ ಇಮೇಲುಗಳು, ಆ ಬೇಳೆ ತಂದ ಫುಮಿಕೊ. ಅವಳು ಬೈಯುತ್ತಾಳೆಂದು ಕಾದೆ. ಮುಖವನ್ನು ಟವೆಲ್ಲಿನಿಂದ ಒರೆಸಿಕೊಂಡಳು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಕೇಳಿದ್ದು ವೀಸಾದ ಮಾತಲ್ಲ.

"ಆವಮ್ಮ ಬೇಳೆ ಬೇಯಿಸಿ ನೋಡಿದ್ಲಾ ಅತ್ತಿಗೆ?"

"ನೋಡಿದ್ಲಂತೆ."

"ನಾನು ನಿಮ್ಮ ಫೌಂಡ್ರಿ ಕ್ಯಾಂಟೀನಲ್ಲೇ ಇಪ್ಪತ್ತಾರು ವರ್ಷ ಇದ್ನಲ್ಲ. ಆಫೀಸಿಂದ ಚೀಟಿ ಬರೋದು. ನಾಳೆ ಫಾರಿನ್ನೋರು ಬರ್ತಾರೆ, ಇಪ್ಪತ್ತು ಜನಕ್ಕೆ ಸ್ಪೆಷಲ್ ಊಟ, ಖಾರ ಕಮ್ಮಿ ಅಂತ. ನಾವು ಐದು ಗಂಟೆಗೇ ಬಂದು ಒಲೆ ಹಚ್ತಿದ್ವಿ. ಪಲಾವು, ಪಾಯಸ, ಎರಡು ಥರ ಪಲ್ಯ. ಒಂದು ಗಂಟೆ ಆಗೋದು, ಎರಡು ಗಂಟೆ ಆಗೋದು. ಸಾಹೇಬ್ರು ಅವ್ರನ್ನ ಶಿವಮೊಗ್ಗದ ಹೋಟೆಲಿಗೆ ಕರ್ಕೊಂಡು ಹೋಗಿರೋರು. ಬರಲ್ಲ ಅಂತ ಯಾರೂ ಒಂದು ಮಾತು ಹೇಳ್ತಿರ್ಲಿಲ್ಲ. ನಾನು ಬಾಗ್ಲಲ್ಲಿ ನಿಂತು ಗೇಟ್ ಕಡೆ ನೋಡ್ತಿರ್ತಿದ್ದೆ."

"ಅಡುಗೆ ಏನ್ ಮಾಡ್ತಿದ್ರಿ?"

"ಶಿಫ್ಟಿನೋರಿಗೆ ಬಡಿಸಿಬಿಡ್ತಿದ್ವಿ. ಅಡುಗೆ ಹಾಳಾಗ್ತಿರ್ಲಿಲ್ಲ ಅತ್ತಿಗೆ. ಮನಸ್ಸು ಹಾಳಾಗೋದು, ಅಷ್ಟೇ."

ಆ ಚೀಟಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಕೆಳಗೆ ಎಡಗಡೆ ನನ್ನ ಹೆಸರಿನ ಮೊದಲಕ್ಷರ ಇರುತ್ತಿತ್ತು, ಅದು ಅವಳಿಗೂ ಗೊತ್ತು. ಇಪ್ಪತ್ತು ಜನಕ್ಕೆ ಊಟ ಎಂದು ಎಷ್ಟೋ ಸಲ ಬೆರಳು ಆಡಿಸಿದ್ದೇನೆ. ಊಟ ಬೇಡ ಎಂದು ಒಂದು ಚೀಟಿ ಟೈಪ್ ಮಾಡಿದ ನೆನಪಿಲ್ಲ. ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

"ನನ್ನ ವೀಸಾ ಹೋದ್ರೆ ಹೋಗ್ಲಿ" ಎಂದಳು. ಹೋದರೆ ಹೋಗಲಿ ಎನ್ನುವಂಥದ್ದಲ್ಲ ಅದು, ಇಬ್ಬರಿಗೂ ಗೊತ್ತು. "ಆವಮ್ಮಂಗೆ ಮಾತ್ರ ನಿಜ ಬರ್ದುಬಿಡಿ ಅತ್ತಿಗೆ. ರೂಮು ಕೇಳಕ್ಕಲ್ಲ. ಸುಮ್ನೆ ಕಾಯ್ತಾ ಕೂತಿರ್ತಾಳೆ."

ಆಗಸ್ಟ್ 7, ಗುರುವಾರ

ಬರೆದೆ. ವಿಷಯ ಇಲ್ಲ, ಉಲ್ಲೇಖ ಇಲ್ಲ.

ಕಾರ್ಯದರ್ಶಿ ಎಂಬುವರು ಯಾರೂ ಇಲ್ಲ, ಬರೆಯುತ್ತಿರುವವಳು ನಾನು, ನಿವೃತ್ತ ಗುಮಾಸ್ತೆ ಎಂದು ಶುರು ಮಾಡಿದೆ. ಒಂದೇ ಮಾತನ್ನು ಮೂರು ಕಡೆ ಬರೆದದ್ದು, ದೊಡ್ಡ ಹೋಟೆಲನ್ನು ಹಿಡಿದುಕೊಂಡು ನಿಮ್ಮ ಎರಡು ಪತ್ರಗಳಿಗೆ ಬೇಕೆಂದೇ ಉತ್ತರಿಸದೆ ಬಿಟ್ಟದ್ದು, ಈಗ ಆ ಹೋಟೆಲೂ ಕೈತಪ್ಪಿದ್ದು, ಎಲ್ಲವನ್ನೂ ಬರೆದೆ. ನಿಮ್ಮ ಶಿಕ್ಷಕರಿಗೆ ನನ್ನ ಮಾತಿನ ಮೇಲೆ ಜಾಗವಿಲ್ಲ ಎಂದಿದ್ದೀರಿ, ದಯವಿಟ್ಟು ಅವರನ್ನು ಕರೆಸಿಕೊಳ್ಳಿ, ನಾನು ಮಾಡಿದ್ದು ತಪ್ಪು. ಆ ಆರು ಜನರಿಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬಳು ನನ್ನ ನಾದಿನಿ, ಗುಂಡು ಎಸೆಯುತ್ತಾಳೆ, ಬಹಳ ಚೆನ್ನಾಗಿ ಎಸೆಯುತ್ತಾಳೆ. ನಿಮಗೆ ಬರೆಯಬೇಕೆಂದು ಹೇಳಿದವಳು ಅವಳೇ.

ಕೊನೆಗೆ ಹಾಲಮ್ಮ ಎಂದು ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಹತ್ತಾರು ಸಾವಿರ ಪತ್ರ ಬರೆದಿರಬಹುದು. ಎಲ್ಲಕ್ಕೂ ಸಹಿ ಮಾಡಿದವರು ಬೇರೆ ಯಾರೋ.

ಕವನ ಓದಿ, "ಒಂದು ಅಕ್ಷರನೂ ತಿದ್ದಬೇಡ" ಎಂದಳು. ತಿದ್ದುವ ಅಗತ್ಯವೂ ಇರಲಿಲ್ಲ. ಕ್ಷಮೆ ಕೇಳುವ ಪತ್ರವನ್ನೂ ನಾನು ಒಪ್ಪವಾಗಿಯೇ ಬರೆಯುತ್ತೇನೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಕಲಶ ಇಟ್ಟೆ, ಒಬ್ಬಟ್ಟು ಮಾಡಿದೆ. ಆರತಿ ಮಾಡುವಾಗ ಎರಡು ಸಲ ಕಂಪ್ಯೂಟರಿನ ಕಡೆ ನೋಡಿದೆನೆಂದು ಕವನ ಹೇಳುತ್ತಾಳೆ. ಉತ್ತರವಿಲ್ಲ.

ಆಗಸ್ಟ್ 9, ಶನಿವಾರ

ಉತ್ತರ ಬಂತು.

ಇದನ್ನು ಬರೆದಿಟ್ಟುಕೊಳ್ಳಬೇಕು. "ಹಾಲಮ್ಮ ಅವರೇ, ನಿಮಗೆ ಕಾಯಿಲೆಯಿರಬಹುದೆಂದು ನನ್ನ ಗಂಡ ಹೇಳಿದರು. ನಿಮಗೆ ನಾವು ಬೇಡವಾಗಿರಬಹುದೆಂದು ನಾನು ಹೇಳಿದೆ. ನಾನೇ ಸರಿ ಎಂದು ತಿಳಿದು ಬೇಸರವಾಯಿತು. ಆದರೆ ನಲವತ್ತು ವರ್ಷದಿಂದ ಈ ಮನೆ ನಡೆಸುತ್ತಿದ್ದೇನೆ, ಬರದೆ ಇದ್ದವರು ಯಾರೂ ಇಲ್ಲಿಯವರೆಗೆ ಕಾರಣ ತಿಳಿಸಿರಲಿಲ್ಲ."

ಹೋದ ವಾರವೇ ಅವಳು ಶಿಕ್ಷಕರನ್ನು ವಾಪಸು ಕರೆದಿದ್ದಾಳೆ, ಮೂರು ರೂಮು ಅವರಿಗೆ ಹೋಗಿವೆ. ಇನ್ನೊಂದರಲ್ಲಿ ಬೇರೆಯವರಿದ್ದಾರೆ. ಉಳಿದಿರುವುದು ಕೆಳಗಿನ ಹಜಾರ, ಅದು ಅತಿಥಿಗಳಿಗೆ ಕೊಡುವಂಥದ್ದಲ್ಲ, ಅವರ ಮನೆಯ ಸಮಾರಂಭಗಳಿಗೆ ಇರುವುದು. ಚಾಪೆಯ ನೆಲ. ಆರು ಹಾಸಿಗೆಯನ್ನು ಸಾಲಾಗಿ ಹಾಸಬಹುದು. ಮಂಚ ಹಿಡಿಸುವುದಿಲ್ಲ. ಇಂಥದ್ದನ್ನು ಹೇಳಲು ನಾಚಿಕೆಯಾಗುತ್ತದೆ, ನಿಮ್ಮ ನಾದಿನಿಯವರಿಗೆ ಒಪ್ಪಿಗೆಯೇ ಎಂದು ಕೇಳಿದ್ದಾಳೆ.

ತಕ್ಷಣ ಫೋನು ಮಾಡಿದೆ. ಆ ಕಡೆ ಆರೂ ಜನ ಮೈದಾನದಲ್ಲೇ ಇದ್ದರು. ಉಚ್ಚಂಗಿ ಅವರಿಗೆ ಸುದ್ದಿ ಹೇಳುವುದು ನನಗೆ ಕೇಳಿಸಿತು. ಯಾರೋ ವಿಶಾಲಮ್ಮ ಎಂಬಾಕೆ, "ಎಲ್ಲರೂ ಒಂದೇ ಕಡೆನಾ? ಸದ್ಯ, ಆ ಹತ್ತು ಮಹಡೀಲಿ ಒಬ್ಬೊಬ್ರೇ ಎಲ್ಲಿ ಕಳ್ದೋಗ್ತೀವೋ ಅಂತ ನಂಗೆ ಜ್ವರ ಬರೋದು ಬಾಕಿ ಇತ್ತು" ಎಂದಳು. ಆಮೇಲೆ ಎಲ್ಲರೂ ನಕ್ಕರು. ನಕ್ಕದ್ದು ನಿಲ್ಲಲೇ ಇಲ್ಲ. ನಾನು ಫೋನು ಹಿಡಿದುಕೊಂಡೇ ಇದ್ದೆ.

ಮಂಚ ಬೇಕೆಂದು ಅವರಲ್ಲಿ ಯಾರು ಕೇಳಿದ್ದರು? ಯಾರೂ ಇಲ್ಲ. ಸಾಹೇಬರುಗಳ ಪತ್ರದಲ್ಲಿ ಇರುತ್ತಿತ್ತೆಂದು ನಾನೇ ಸೇರಿಸಿದ್ದು.

ಒಪ್ಪಿಗೆಯನ್ನೂ, ಪಾಸ್‌ಪೋರ್ಟಿನಲ್ಲಿರುವಂತೆ ಆರು ಹೆಸರುಗಳನ್ನೂ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ಮೊಹರಿನ ಪತ್ರ ಬಂತು. ಅದರಲ್ಲಿ ಸ್ವಲ್ಪವೂ ತಪ್ಪಿಲ್ಲ. ಮೂರು ಪ್ರತಿ ತೆಗೆಸಿ ಇಟ್ಟಿದ್ದೇನೆ.

ಆಗಸ್ಟ್ 12, ಮಂಗಳವಾರ

ಅರ್ಜಿ ಕೊಟ್ಟಾಯಿತು. ಕೌಂಟರಿನ ಹುಡುಗಿ ಹೋಟೆಲಿನ ಪತ್ರವನ್ನು ಎರಡು ಸಲ ಓದಿದಳಂತೆ. ಆರು ಜನ ಒಂದೇ ರೂಮಿನಲ್ಲಾ ಎಂದು ಕೇಳಿದಳಂತೆ. "ಹೌದಮ್ಮ, ನಮ್ಗೆ ಅಭ್ಯಾಸ ಇದೆ ಅಂದೆ" ಎಂದು ಉಚ್ಚಂಗಿ ಬಸ್ಸಿನಿಂದಲೇ ಫೋನಿನಲ್ಲಿ ಹೇಳಿದಳು.

ಆಗಸ್ಟ್ 28, ಗುರುವಾರ

ಆರಕ್ಕೆ ಆರೂ ವೀಸಾ ಬಂತು. ನನಗೆ ಗೊತ್ತಿತ್ತು.

ಸೆಪ್ಟೆಂಬರ್ 15, ಸೋಮವಾರ

ಭದ್ರಾವತಿ ರೈಲು ನಿಲ್ದಾಣಕ್ಕೆ ಹೋಗಿದ್ದೆ. ಆರೂ ಜನ ಒಂದೇ ಬಣ್ಣದ ಟ್ರ್ಯಾಕ್ ಸೂಟಿನಲ್ಲಿದ್ದರು, ಅದರ ಮೇಲೆ ಮಲ್ಲಿಗೆ ಮುಡಿದಿದ್ದರು. ಉಚ್ಚಂಗಿಯ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ಹದಿನಾರು ಚೀಟಿ ಕೊಟ್ಟೆ. ಬಿಸಿನೀರು ಬೇಕು, ಕಾಲು ಉಳುಕಿದೆ, ಮೀನಿನ ಸಾರು ಬೇಡ, ಕ್ರೀಡಾಂಗಣಕ್ಕೆ ಯಾವ ಕಡೆ, ಹೀಗೆ. ಯಾವ ಸಂದರ್ಭವೂ ಬಿಟ್ಟಿಲ್ಲ.

"ಇಷ್ಟೊಂದು ಯಾಕೆ ಅತ್ತಿಗೆ?" ಎಂದಳು.

"ಬೇಕಾಗುತ್ತೆ, ಇಟ್ಕೊ." ರೈಲು ಹೊರಟ ಮೇಲೂ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದೆ. ಮಳೆ ಹನಿಯುತ್ತಿತ್ತು, ಕೊಡೆ ಬಿಚ್ಚುವುದು ಮರೆತೆ.

ಸೆಪ್ಟೆಂಬರ್ 19, ಶುಕ್ರವಾರ

ಫುಮಿಕೊಳ ಪತ್ರ, ಎರಡು ಫೋಟೊ ಸಮೇತ. ಹೇಳಿದ ದಿನ, ಹೇಳಿದ ಗಂಟೆಗೆ, ಹೇಳಿದಷ್ಟೇ ಜನ ಬಂದರಂತೆ. ಉಚ್ಚಂಗಿ ಮೊದಲ ದಿನವೇ ಅಡುಗೆಮನೆಗೆ ನುಗ್ಗಿದ್ದಾಳೆ. ದೊಡ್ಡ ಪಾತ್ರೆ ಎತ್ತುವುದಕ್ಕೆ ಫುಮಿಕೊಳನ್ನು ಬಿಡುವುದಿಲ್ಲವಂತೆ, ತಾನೇ ಎತ್ತುತ್ತಾಳಂತೆ. ಇಬ್ಬರೂ ಸೇರಿ ತೊಗರಿಬೇಳೆ ಸಾರು ಮಾಡಿದರಂತೆ. "ಅವರ ಚೀಟಿಗಳು ಬಹಳ ಉಪಯೋಗಕ್ಕೆ ಬಂದವು" ಎಂದು ಬರೆದಿದ್ದಾಳೆ. ಫೋಟೊದಲ್ಲಿ ನೋಡಿದರೆ ಒಲೆಯ ಕೆಳಗೆ ಮಡಚಿ ಇಟ್ಟಿರುವುದು ನನ್ನ ಚೀಟಿಗಳು. ಒಲೆ ಅಲುಗಾಡುತ್ತಿತ್ತಂತೆ.

ನನ್ನ ಅಗತ್ಯ ಬೀಳಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಗುಂಡು ಎಸೆತದಲ್ಲಿ ಉಚ್ಚಂಗಿಗೆ ನಾಲ್ಕನೇ ಸ್ಥಾನ. ಮೂರನೆಯವಳಿಗಿಂತ ಹನ್ನೊಂದು ಸೆಂಟಿಮೀಟರ್ ಕಡಿಮೆ. ಅಳೆದವರು ಟೇಪನ್ನು ಸರಿಯಾಗಿ ಹಿಡಿದಿರಲಾರರು. ಗೋಪಿ ಸರ್ಕಲಿನಲ್ಲಿ ಹಳೆಯ ಆಫೀಸಿನ ನಾಲ್ಕು ಜನ ಸಿಕ್ಕರು, ನಾಲ್ವರಿಗೂ ಹೇಳಿದೆ. ಏಷ್ಯಾಕ್ಕೇ ನಾಲ್ಕನೆಯವಳು, ನಮ್ಮ ನಾದಿನಿ ಎಂದೆ. ಇಡೀ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಬಂದಿದ್ದಾರೆ, ಎಲ್ಲರೂ ಕ್ಷೇಮ. ಬೆಳಿಗ್ಗೆ ಉಚ್ಚಂಗಿ ಫೋನು ಮಾಡಿದಳು. ಆ ಮನೆಯ ಸುದ್ದಿಯನ್ನು ಅರ್ಧ ಗಂಟೆ ಹೇಳಿದಳು. ನಾನು ಕೇಳಿಕೊಂಡೆ. ಇಷ್ಟು ಹೊತ್ತು ಅವಳ ಮಾತನ್ನು ಹಿಂದೆ ಎಂದು ಕೇಳಿದ್ದೆನೋ ನೆನಪಿಲ್ಲ.

ಕೊನೆಗೆ, "ನಾಳೆ ಭಾನುವಾರ, ಊಟಕ್ಕೆ ಬನ್ನಿ ಅತ್ತಿಗೆ" ಎಂದಳು.

ಬರ್ತೀನಿ ಎಂದೆ. ಎಂದಿನಂತೆ ಬಾಯಿಗೆ ಬಂತು.

ಆಗ ನನಗೆ ನೆನಪಾಯಿತು. ಯಜಮಾನರು ಹೋದ ಮೇಲೆ ಅವಳು ಪ್ರತಿ ಯುಗಾದಿಗೆ ಕರೆದಿದ್ದಾಳೆ, ಪ್ರತಿ ಗೌರಿ ಹಬ್ಬಕ್ಕೆ ಕರೆದಿದ್ದಾಳೆ, ಮಧ್ಯೆ ಮಧ್ಯೆ ಸುಮ್ಮನೆಯೂ ಕರೆದಿದ್ದಾಳೆ. ಒಂದು ಸಲವೂ ಇಲ್ಲ ಎಂದವಳಲ್ಲ ನಾನು. ಪ್ರತಿ ಸಲವೂ ಬರ್ತೀನಿ ಎಂದಿದ್ದೇನೆ. ಒಂದು ಸಲವೂ ಹೋಗಿಲ್ಲ, ಬರುವುದಿಲ್ಲವೆಂದು ತಿಳಿಸಿಯೂ ಇಲ್ಲ. ಮೈದಾನದ ಬೆಂಚಿನ ಮೇಲೆ ಕ್ಯಾಂಟೀನಿನ ಮಾತು ಹೇಳಿದವಳು ಇದನ್ನು ಹೇಳದೆ ಬಿಟ್ಟಿದ್ದಳು. ನನಗೆ ನಾಚಿಕೆಯಾಯಿತು.

"ನಿಜವಾಗ್ಲೂ ಬರ್ತೀರಾ ಅತ್ತಿಗೆ? ನಿಮ್ಗೂ ಸೇರ್ಸಿ ಅಕ್ಕಿ ಹಾಕ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಹಾಕು" ಎಂದೆ. ಹನ್ನೊಂದೂವರೆಯ ಬಸ್ಸಿಗೆ ಬರುತ್ತೇನೆ, ನಾನೊಬ್ಬಳೇ, ಮಧ್ಯಾಹ್ನ ಅಲ್ಲೇ ಮಲಗಿ ಸಂಜೆ ಹೊರಡುತ್ತೇನೆ ಎಂದೂ ಹೇಳಿದೆ.